ಬಿದ್ದ ಅಡಿಕೆ ಹಾಳೆಯಿಂದ ತಟ್ಟೆ, ಅಣಬೆ, ಎರೆಗೊಬ್ಬರ: ಕಾಸರಗೋಡಿನ ತೋಟದವರಿಗೆ ಸಮಗ್ರ ಮಾರ್ಗದರ್ಶಿ

ಬೇಸಗೆಯ ಮಧ್ಯಾಹ್ನ ಅಡಿಕೆ ತೋಟದಲ್ಲಿ ಕೂತರೆ ಆಗಾಗ ಒಂದು ಸದ್ದು ಕೇಳುತ್ತದೆ. ಮೇಲಿನಿಂದ ಸೋಗೆ ಕಳಚಿಕೊಂಡು, ಪಕ್ಕದ ಮರಕ್ಕೆ ತಾಗಿ ಸರ್ರನೆ ಜಾರಿ, ಬುಡದ ಅಗಲ ಹಾಳೆ ಸಮೇತ ದಬ್ ಎಂದು ಬೀಳುತ್ತದೆ. ಬದಿಯಡ್ಕದ ಕಡೆ ಹುಟ್ಟಿ ಬೆಳೆದವರಿಗೆ ಇದೇನೂ ಹೊಸದಲ್ಲ. ಅಜ್ಜಿ ನಮ್ಮನ್ನು ಮೀಯಿಸಿದ್ದು ಹಾಳೆಯ ಮೇಲೆ. ಅದರ ಮೇಲೆ ಕೂತು ಎಳೆಸಿಕೊಂಡು ಚಡ್ಡಿ ಹರಿದುಕೊಂಡಿದ್ದೇವೆ. ಕೆಲಸದವರ ತಲೆಗೆ ಮುಟ್ಟಾಳೆ ಟೊಪ್ಪಿ ಆಗಿದ್ದೂ ಅದೇ, ಹಟ್ಟಿಯಲ್ಲಿ ದನದ ಬಾಯಿಗೆ ಹೋದದ್ದೂ ಅದೇ.

ಆರು ವರ್ಷದಿಂದ ನಾನು ಆ ಹಾಳೆಯನ್ನು ತಟ್ಟೆ ಮಾಡಿ ಮಾರುತ್ತಿದ್ದೇನೆ. ತಟ್ಟೆ ಒತ್ತಿ ಉಳಿದ ಚೂರಿನಲ್ಲಿ ಚಿಪ್ಪಿ ಅಣಬೆ ಬೆಳೆಸುತ್ತೇನೆ. ಅಣಬೆ ಮುಗಿದ ಚೀಲವನ್ನು ಎರೆಹುಳದ ತೊಟ್ಟಿಗೆ ಸುರಿಯುತ್ತೇನೆ. ಪೇಪರಿನವರು ಇದನ್ನು ಸ್ಟಾರ್ಟ್‌ಅಪ್ ಅನ್ನುತ್ತಾರೆ. ಇರುವುದು ಮೂರು ಜನ, ಒಂದು ಶೆಡ್, ಒಂದು ಹಳೆಯ ಪಿಕಪ್.

ನೋಡಲು ಬರುವ ಹುಡುಗರೆಲ್ಲ ಕೇಳುವ ಮೊದಲ ಪ್ರಶ್ನೆ ಒಂದೇ: "ಅಣ್ಣಾ, ಮೆಷಿನ್ ಯಾವ ಕಂಪೆನಿಯದ್ದು?"

ನಾನು ಹೇಳುವುದೂ ಒಂದೇ: "ಮೆಷಿನಿನ ಮಾತು ಆಮೇಲೆ ಮಾರಾಯಾ. ಮೊದಲು ಹಾಳೆ ಎಣಿಸುವ."

ಹಂತ 1: ಎಣಿಸಿ

ಎರಡು ಮುಕ್ಕಾಲು ಮೀಟರ್ ಅಂತರದಲ್ಲಿ ನೆಟ್ಟ ತೋಟವಾದರೆ ಎಕರೆಗೆ ಸುಮಾರು 550 ಮರ. ಒಂದು ಮರ ವರ್ಷಕ್ಕೆ ಆರೇಳು ಸೋಗೆ ಉದುರಿಸುತ್ತದೆ. ಅಂದರೆ ಎಕರೆಗೆ ಸುಮಾರು 3,500 ಹಾಳೆ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಅದರಲ್ಲಿ ಮಳೆಗಾಲದಲ್ಲಿ ಬಿದ್ದದ್ದು, ಸೀಳಿದ್ದು, ತೀರಾ ಸಣ್ಣದು, ಕೆಸರಿಗೆ ಬಿದ್ದು ಕಪ್ಪಾದದ್ದು ಎಲ್ಲ ತೆಗೆದರೆ ತಟ್ಟೆಗೆ ಸಿಗುವುದು ಅರ್ಧ. 1,750 ಎಂದೇ ಇಟ್ಟುಕೊಳ್ಳಿ.

ಎರಡು ಅಚ್ಚಿನ ಸಾಧಾರಣ ಮೆಷಿನಿನಲ್ಲಿ ಇಬ್ಬರು ಕೂತರೆ ದಿನಕ್ಕೆ 600 ದೊಡ್ಡ ತಟ್ಟೆ ಒತ್ತಬಹುದು. ಒಂದು ಎಕರೆಯ ಇಡೀ ವರ್ಷದ ಒಳ್ಳೆ ಹಾಳೆ ಅದಕ್ಕೆ ಮೂರು ದಿನದ ಊಟ! ವರ್ಷಕ್ಕೆ 100 ದಿನ ಮೆಷಿನ್ ಓಡಬೇಕು ಅಂದರೆ 60,000 ಹಾಳೆ, ಅಂದರೆ 35 ಎಕರೆಯಷ್ಟು ತೋಟ ಬೇಕು. ನಮ್ಮ ಕಡೆ ಒಬ್ಬೊಬ್ಬರಿಗೆ ಒಂದು, ಒಂದೂವರೆ ಎಕರೆ. ಕಡಿಮೆ ಅಂದರೂ 25 ಮನೆಯವರ ಹಾಳೆ ನಿಮ್ಮ ಶೆಡ್ಡಿಗೆ ಬರಬೇಕು.

ಈ ಲೆಕ್ಕ ಮಾಡದೆ ಮೆಷಿನ್ ತಂದವರ ಶೆಡ್ಡುಗಳು ಈಗ ಸೌದೆ ಕೊಟ್ಟಿಗೆ ಆಗಿವೆ. ಅಂಥದ್ದೊಂದರಿಂದಲೇ ನಾನು ಅಚ್ಚು ತಂದದ್ದು, ಅರ್ಧ ಬೆಲೆಗೆ.

ಹಾಗಾಗಿ ಮೊದಲ ವಾರದ ಕೆಲಸ ಇಷ್ಟೇ. ಜನವರಿ, ಫೆಬ್ರವರಿಯಲ್ಲಿ ನಿಮ್ಮ ತೋಟದಲ್ಲಿ ಏಳು ದಿನ ಬಿದ್ದ ಹಾಳೆಯನ್ನೆಲ್ಲ ಹೆಕ್ಕಿ, ಒಳ್ಳೆಯದು, ಕೆಟ್ಟದ್ದು ಬೇರೆ ಮಾಡಿ, ಪುಸ್ತಕದಲ್ಲಿ ಬರೆದಿಡಿ. ಒಳ್ಳೆಯದು ಅಂದರೆ ಏನು? ಮಧ್ಯದಲ್ಲಿ ಅಗಲ ಒಂದು ಅಡಿಗಿಂತ ಜಾಸ್ತಿ ಇರಬೇಕು, ಒಳಮೈ ಬೆಣ್ಣೆ ಬಣ್ಣದಲ್ಲಿರಬೇಕು, ಉದ್ದಕ್ಕೆ ಸೀಳು ಇರಬಾರದು.

ಹಂತ 2: ಹಾಳೆ ಕೂಡಿಸುವುದು

ಇಡೀ ವ್ಯವಹಾರದ ಜೀವ ಇರುವುದು ಇಲ್ಲಿ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲ ವರ್ಷ ಪಕ್ಕದ ಮನೆಯ ಮಾವನ ಹತ್ತಿರ ಹೋಗಿ, ಹಾಳೆ ಕೊಡುತ್ತೀರಾ ಎಂದು ಕೇಳಿದೆ. "ಹಾಳೆಗೂ ದುಡ್ಡು ಕೊಡ್ತೀಯಾ? ಹೆಕ್ಕಿಕೊಂಡು ಹೋಗು ಮಾರಾಯಾ" ಅಂದರು. ಧರ್ಮಕ್ಕೆ ಸಿಕ್ಕಿತಲ್ಲ ಎಂದು ಖುಷಿಯಾಯಿತು. ಅದೇ ತಪ್ಪು. ಧರ್ಮಕ್ಕೆ ಕೊಟ್ಟದ್ದಕ್ಕೆ ಹೊತ್ತುಗೊತ್ತು ಇರುವುದಿಲ್ಲ. ಹಾಳೆ ತೋಟದಲ್ಲಿ ಹತ್ತು ದಿನ ಬಿದ್ದಿರುತ್ತಿತ್ತು. ಸ್ಪ್ರಿಂಕ್ಲರಿನ ನೀರು ಬಿದ್ದು ಒಳಮೈಯಲ್ಲಿ ಕಪ್ಪು ಚುಕ್ಕೆ ಎದ್ದಿರುತ್ತಿತ್ತು. ಎರಡನೇ ವರ್ಷದಿಂದ ಹಾಳೆಗೆ ಒಂದೂವರೆ ರೂಪಾಯಿ ಎಂದು ನಿಗದಿ ಮಾಡಿ, ಪ್ರತಿ ಶನಿವಾರ ಎಣಿಸಿ ಕೈಗೇ ದುಡ್ಡು ಕೊಟ್ಟೆ. ಆಮೇಲೆ ಅತ್ತೆಯೇ ದಿನಾ ಬೆಳಿಗ್ಗೆ ಒಂದು ಸುತ್ತು ಹೋಗಿ ಹೆಕ್ಕಿ ಇಡತೊಡಗಿದರು. ಆ ದುಡ್ಡು ಅವರದ್ದೇ, ಮಾವನಿಗೆ ಅದರಲ್ಲಿ ಪಾಲಿಲ್ಲ ಎಂದು ಕೇಳಿದ್ದೇನೆ.

ಹಾಳೆ ಕೊಡುವ ಮನೆಗಳಿಗೆ ನಾಲ್ಕು ಮಾತು ಸರಿಯಾಗಿ ಹೇಳಿಕೊಡಿ. ಬಿದ್ದ ಎರಡು ದಿನದೊಳಗೆ ಹೆಕ್ಕಬೇಕು. ಸೋಗೆಯನ್ನು ಅಲ್ಲೇ ಕಡಿದು ಮರದ ಬುಡಕ್ಕೆ ಹಾಕಬೇಕು. ಅದು ತೋಟದ್ದು, ತೋಟದಲ್ಲೇ ಇರಲಿ. ಹಾಳೆಯನ್ನು ನೆಲಕ್ಕೆ ಹರಡದೆ ಗೋಡೆಗೋ ಬೇಲಿಗೋ ಒರಗಿಸಿ ಇಡಬೇಕು. ಐವತ್ತರ ಕಟ್ಟು ಕಟ್ಟಬೇಕು, ಅದಕ್ಕಿಂತ ದೊಡ್ಡ ಕಟ್ಟಿನಲ್ಲಿ ನಡುವಿನ ಹಾಳೆ ಬೆವರುತ್ತದೆ.

ಐದನೆಯ ಮಾತು ಎಲ್ಲಕ್ಕಿಂತ ದೊಡ್ಡದು. ನೀಲಿ ಕಲೆ ಇರುವ ಹಾಳೆ ಬೇಡವೇ ಬೇಡ. ಕೊಳೆರೋಗಕ್ಕೆ ಮಳೆಗಾಲದಲ್ಲಿ ನಾವು ಬೋರ್ಡೋ ಬಿಡುತ್ತೇವಲ್ಲ, 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಅದರ ತಾಮ್ರ ಹಾಳೆಯ ಮೇಲೆ ಕೂತಿರುತ್ತದೆ. ಅನ್ನ ಬಡಿಸುವ ತಟ್ಟೆಗೆ ಅದು ಆಗದು. ಅಣಬೆಗೂ ಆಗದು. ತಾಮ್ರ ಇರುವುದೇ ಶಿಲೀಂಧ್ರ ಕೊಲ್ಲುವುದಕ್ಕೆ, ಅಣಬೆಯೂ ಒಂದು ಶಿಲೀಂಧ್ರವೇ. ಎರೆಹುಳಕ್ಕೂ ತಾಮ್ರ ಆಗಿಬರುವುದಿಲ್ಲ. ಮದ್ದು ಬಿಟ್ಟ ಮೇಲೆ ಬಿದ್ದ ಹಾಳೆಯನ್ನು ಈ ಮೂರಕ್ಕೂ ತರದೆ ತೋಟದಲ್ಲೇ ಬಿಡಿ. ನಾನು ಹಾಳೆ ತೆಗೆದುಕೊಳ್ಳುವುದು ನವೆಂಬರ್ ಕೊನೆಯಿಂದ ಮೇ ಮಧ್ಯದವರೆಗೆ ಮಾತ್ರ.

ಇನ್ನೊಂದು ಸೂಕ್ಷ್ಮ ಇದೆ. ದನ ಇರುವ ಮನೆಯಲ್ಲಿ ಹಸಿ ಹಾಳೆಯನ್ನು ಕೊಚ್ಚಿ ಮೇವಿಗೆ ಹಾಕುತ್ತಾರೆ. ಬೈಹುಲ್ಲು ಸಿಗದ ಕಾಲದಲ್ಲಿ ಅದು ದನಕ್ಕೆ ದೊಡ್ಡ ಆಧಾರ. ಕಾಸರಗೋಡು ಗಿಡ್ಡ ತಳಿಯ ದನ ಸಾಕುವ ಒಂದೆರಡು ಮನೆ ನಮ್ಮಲ್ಲಿ ಇನ್ನೂ ಇವೆ. ಅವರ ಹತ್ತಿರ ನಾನು ಹಾಳೆ ಕೇಳುವುದಿಲ್ಲ, ಸೆಗಣಿ ಕೇಳುತ್ತೇನೆ. ಅದು ಯಾಕೆ ಎಂದು ಕೊನೆಯ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 3: ಒಣಗಿಸಿ ಕಾಪಿಡುವುದು

ಹಾಳೆ ಒಣಗಲು ಒಳ್ಳೆ ಬಿಸಿಲಿನಲ್ಲಿ ಎರಡು ಮೂರು ದಿನ ಸಾಕು. ತೊಂದರೆ ಬಿಸಿಲಿನದ್ದಲ್ಲ, ಅಂಗಳದ್ದು. ಡಿಸೆಂಬರಿನಿಂದ ಮಾರ್ಚಿನವರೆಗೆ ಅಂಗಳ ತುಂಬ ಅಡಿಕೆ. ಒಣಗಿ ಚಾಲಿ ಆಗಲು ಅದಕ್ಕೆ 40 ದಿನದಷ್ಟು ಬಿಸಿಲು ಬೇಕು. ಮನೆಯಲ್ಲಿ ಅಪ್ಪ ಇದ್ದರೆ ಅಂಗಳದ ಒಂದು ಮೂಲೆಯನ್ನೂ ಹಾಳೆಗೆ ಬಿಟ್ಟುಕೊಡುವುದಿಲ್ಲ, ಬಿಟ್ಟುಕೊಡಬೇಕಾಗಿಯೂ ಇಲ್ಲ. ನಾನು ತೋಟದ ಬದಿಯಲ್ಲಿ ಅಡಿಕೆ ಮರದ ಸಲಾಕೆಯಿಂದ ಎದೆಮಟ್ಟದ ಬೇಲಿ ಕಟ್ಟಿದೆ. ಅದಕ್ಕೆ ಹಾಳೆಗಳನ್ನು ಒಳಮೈ ಹೊರಗೆ ಮಾಡಿ ಒರಗಿಸಿದರೆ ಗಾಳಿ ಎರಡೂ ಕಡೆ ಆಡುತ್ತದೆ, ಬೇಗ ಒಣಗುತ್ತದೆ.

ಒಣಗಿತೇ ಎಂದು ತಿಳಿಯಲು ತೂಕ ನೋಡಬೇಕಾಗಿಲ್ಲ. ಬೆರಳಲ್ಲಿ ಬಡಿಯಿರಿ. ಹಸಿ ಹಾಳೆ ಚರ್ಮ ಬಡಿದ ಹಾಗೆ ಮಂಕಾಗಿ ಕೇಳುತ್ತದೆ, ಒಣಗಿದ್ದು ಹಲಗೆಯ ಹಾಗೆ ಟಕ್ ಅನ್ನುತ್ತದೆ.

ಕಾಪಿಡುವುದರಲ್ಲಿ ನಾನು ಕಲಿತದ್ದು ನಷ್ಟದಿಂದ. ಮೊದಲ ವರ್ಷ 4,000 ಹಾಳೆ ರಾಶಿ ಹಾಕಿ, ಮಳೆ ತಾಗದಿರಲಿ ಎಂದು ಸುತ್ತಲೂ ಟಾರ್ಪಾಲು ಬಿಗಿದೆ. ನಮ್ಮ ಜಿಲ್ಲೆಗೆ ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ, ಅದರಲ್ಲಿ ಜಾಸ್ತಿ ಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಆಟಿ ತಿಂಗಳಲ್ಲಿ ಟಾರ್ಪಾಲು ತೆಗೆದಾಗ ಬಂದ ವಾಸನೆಗೇ ಗೊತ್ತಾಯಿತು. ಮೇಲಿನ ಎರಡು ಪದರ ಬಿಟ್ಟು ಉಳಿದದ್ದೆಲ್ಲ ಹಸಿರು, ಕಪ್ಪು ಬೂಸಲು. ನೀರು ಹೊರಗಿನಿಂದ ಬಂದದ್ದಲ್ಲ, ಗಾಳಿಯ ತೇವ ಒಳಗೇ ಸಿಕ್ಕಿಕೊಂಡಿತ್ತು. ಮರುವರ್ಷ ಬುದ್ಧಿವಂತಿಕೆ ಮಾಡಿ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದೆ. ಬೂಸಲು ಬರಲಿಲ್ಲ. ಆದರೆ ಒಂದು ಗೃಹಪ್ರವೇಶದಲ್ಲಿ ಉಪ್ಪಿಟ್ಟಿಗೆ ಹೊಗೆ ವಾಸನೆ ಬಂತು ಎಂದು ಅಡುಗೆಯವರು ನನ್ನ ಮುಖಕ್ಕೇ ಹೇಳಿದರು.

ಈಗ ಮಾಡುವುದು ಇದು: ನೆಲದಿಂದ ಒಂದೂವರೆ ಅಡಿ ಎತ್ತರದ ಸಲಾಕೆಯ ಮಂಚ, ಮೇಲೆ ಶೀಟಿನ ಮಾಡು, ಬದಿಗೆ ಬರೀ ಬಲೆ. ಸಾಧ್ಯವಾದಷ್ಟನ್ನು ಪತ್ತನಾಜೆಯ ಒಳಗೆ, ಅಂದರೆ ಮೇ ಮುಗಿಯುವ ಮೊದಲು, ತಟ್ಟೆ ಮಾಡಿ ಮುಗಿಸುತ್ತೇನೆ. ಒತ್ತಿದ ತಟ್ಟೆ ಒಣಗಿಸಿ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿದರೆ ಮಳೆಗಾಲ ದಾಟುತ್ತದೆ, ಹಾಳೆ ದಾಟುವುದು ಕಷ್ಟ. ಪ್ಲಾಸ್ಟಿಕ್ ಬೇಡ ಎಂದು ಮಾಡಿದ ತಟ್ಟೆಯನ್ನು ಉಳಿಸುವುದು ಪ್ಲಾಸ್ಟಿಕ್ಕೇ, ಏನು ಮಾಡುವುದು!

ಹಂತ 4: ಒತ್ತುವುದು

ಒಣ ಹಾಳೆಯನ್ನು ಶುದ್ಧ ನೀರಿನಲ್ಲಿ 15ರಿಂದ 20 ನಿಮಿಷ ನೆನೆಹಾಕಿ, ತೆಂಗಿನ ನಾರಿನ ಬ್ರಷ್ಷಿನಲ್ಲಿ ಎರಡೂ ಮೈ ಉಜ್ಜಿ. ಸೋಪು, ಬ್ಲೀಚು ಯಾವುದೂ ಬೇಡ. ಆಮೇಲೆ ನೆಟ್ಟಗೆ ನಿಲ್ಲಿಸಿ ಅರ್ಧ ಗಂಟೆ ನೀರು ಇಳಿಯಲು ಬಿಡಿ.

ಹದ ನೋಡುವ ರೀತಿ: ಹಾಳೆಯನ್ನು ಎರಡು ಕೈಯಲ್ಲಿ ಹಿಡಿದು ಅಡ್ಡಕ್ಕೆ ಬಗ್ಗಿಸಿ. ಚಟ್ ಎಂದು ನಾರು ಬಿಟ್ಟರೆ ಇನ್ನೂ ಒಣ. ಬಗ್ಗಿದ ಕಡೆ ನೀರು ಜಿನುಗಿದರೆ ಜಾಸ್ತಿ ಹಸಿ. ಸದ್ದಿಲ್ಲದೆ ಬಗ್ಗಿ, ಬಿಟ್ಟ ಕೂಡಲೇ ನಿಧಾನಕ್ಕೆ ನೆಟ್ಟಗಾದರೆ ಅದು ಹದ. ಒಣ ಹಾಳೆಯ ತಟ್ಟೆ ಅಂಚಿನಲ್ಲಿ ಬಿರಿಯುತ್ತದೆ. ಜಾಸ್ತಿ ಹಸಿಯಾದರೆ ಆವಿ ಹೋಗಲು ದಾರಿ ಇಲ್ಲದೆ ಗುಳ್ಳೆ ಏಳುತ್ತದೆ, ಮರುದಿನ ತಟ್ಟೆ ದೋಣಿಯ ಹಾಗೆ ಸುರುಟಿಕೊಳ್ಳುತ್ತದೆ.

ಅಚ್ಚಿನ ಬಿಸಿ ನೂರು ಡಿಗ್ರಿಯ ಆಚೀಚೆ ಇರಲಿ. ಥರ್ಮೋಸ್ಟಾಟ್ ಇರುವ ಮೆಷಿನನ್ನೇ ತೆಗೆದುಕೊಳ್ಳಿ. ಒಳಮೈ ಮೇಲೆ ಬರುವಂತೆ ಇಟ್ಟು ಒತ್ತಿ, ಸುಮಾರು ಒಂದು ನಿಮಿಷ ಹಿಡಿಯಬೇಕು. ಬಿಸಿಗೆ ಹಾಳೆಯ ನಾರು ಮೆತ್ತಗಾಗಿ ಅಚ್ಚಿನ ಆಕಾರ ಹಿಡಿಯುತ್ತದೆ, ತೇವ ಹೋದ ಮೇಲೆ ಅದೇ ಆಕಾರದಲ್ಲಿ ಗಟ್ಟಿಯಾಗುತ್ತದೆ. ಅಂಟು, ಬಣ್ಣ, ಮೇಣ ಏನೂ ಸೇರುವುದಿಲ್ಲ. ಕಂದು ಕಲೆ ಬಂದರೆ ಬಿಸಿ ಜಾಸ್ತಿಯಾಗಿದೆ. ಅಂಚು ಕತ್ತರಿಸಿದ ಮೇಲೆ ತಟ್ಟೆಯನ್ನು ಮತ್ತೆ ಒಂದು ದಿನ ಬಿಸಿಲಿಗೆ ಹಾಕಿ. ಆ ಒಂದು ದಿನದ ಆಸೆಗೆ ಬಿದ್ದು ಹಾಗೇ ಪ್ಯಾಕ್ ಮಾಡಿದವರ ತಟ್ಟೆ ಅಂಗಡಿಯ ಕಪಾಟಿನಲ್ಲಿ ಬೂಸಲು ಹಿಡಿಯುತ್ತದೆ.

ಮೆಷಿನಿನ ವಿಷಯ, ಈಗ ಕೇಳಿ. ಕಾಲಿನಲ್ಲಿ ಒತ್ತುವ ಎರಡು ಅಚ್ಚಿನದ್ದರಿಂದ ಶುರು ಮಾಡಿ. ಒಂದು 12 ಇಂಚಿನ ತಟ್ಟೆಯ ಅಚ್ಚು, ಇನ್ನೊಂದು ಆರು ಇಂಚಿನ ಬಟ್ಟಲಿನದ್ದು. ಉಳಿದ ತುಂಡಿನಲ್ಲಿ ಬಟ್ಟಲು ಬಂದರೆ ಅದು ಲಾಭ. ತಿಂಗಳಿಗೆ ಇಷ್ಟು ತಟ್ಟೆ ನಾವೇ ವಾಪಸ್ ತೆಗೆದುಕೊಳ್ಳುತ್ತೇವೆ ಎಂದು ಮೆಷಿನ್ ಮಾರುವವರು ಹೇಳುವುದುಂಟು. ನನಗೂ ಹೇಳಿದ್ದರು. ಎರಡನೇ ಲೋಡಿಗೇ ಗುಣಮಟ್ಟ ಸರಿಯಿಲ್ಲ ಎಂದು ಫೋನ್ ಎತ್ತುವುದು ಬಿಟ್ಟರು. ಆ ಮಾತಿಗೆ ಬೆಲೆ ಕಟ್ಟಬೇಡಿ.

ನನ್ನ ಲೆಕ್ಕ ಹೀಗಿದೆ. ಒಂದು ದೊಡ್ಡ ತಟ್ಟೆಗೆ ಹಾಳೆ 1.50 ರೂಪಾಯಿ, ಸಾಗಾಟ 70 ಪೈಸೆ, ಕೂಲಿ 2.30, ಕರೆಂಟು ಮತ್ತು ಪ್ಯಾಕಿಂಗ್ 50 ಪೈಸೆ. ಒಟ್ಟು ಐದು ರೂಪಾಯಿ. ಮಾರುವುದು ಆರಕ್ಕೆ. 60,000 ತಟ್ಟೆಗೆ ವರ್ಷಕ್ಕೆ 60,000 ರೂಪಾಯಿ. ಇಷ್ಟಕ್ಕೇ ನೌಕರಿ ಬಿಟ್ಟು ಬರಬೇಕಾ ಎಂದು ಕೇಳಿದರೆ ಖಂಡಿತ ಬೇಡ. ಚೂರಿನಿಂದಲೂ ದುಡ್ಡು ಹುಟ್ಟದಿದ್ದರೆ ಈ ಕಸುಬು ನಿಲ್ಲುವುದಿಲ್ಲ.

ಹಂತ 5: ಮಾರುವುದು

ಏಕಬಳಕೆಯ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ಕೇರಳದಲ್ಲಿ 2020ರ ಜನವರಿಯಿಂದ, ದೇಶಾದ್ಯಂತ 2022ರ ಜುಲೈ 1ರಿಂದ ನಿಷೇಧ. ಹಾಗೆಂದು ಗಿರಾಕಿ ತಾನಾಗಿ ಬರುವುದಿಲ್ಲ. ಹೋಗಿ ಕೇಳಬೇಕು.

ನಮ್ಮಲ್ಲಿ ಮಧ್ಯಾಹ್ನದ ಊಟಕ್ಕೆ ಬಾಳೆ ಎಲೆಯೇ. ಅದರ ಜೊತೆ ಸ್ಪರ್ಧೆಗೆ ಇಳಿಯಬೇಡಿ, ಸೋಲುತ್ತೀರಿ. ಹಾಳೆ ತಟ್ಟೆಯ ಜಾಗ ಬೆಳಗಿನ ತಿಂಡಿ, ನಿಂತು ಉಣ್ಣುವ ಊಟ, ಬಯಲಾಟದ ರಾತ್ರಿಯ ಅವಲಕ್ಕಿ, ಶಾಲೆಯ ವಾರ್ಷಿಕೋತ್ಸವ. ಮಧೂರು ದೇವಸ್ಥಾನದಲ್ಲಿ 2025ರಲ್ಲಿ ಆದ ಬ್ರಹ್ಮಕಲಶ, ಮೂಡಪ್ಪ ಸೇವೆಯಂಥ ದೊಡ್ಡ ಕಾರ್ಯಕ್ಕೆ ಒಂದು ಸಣ್ಣ ಶೆಡ್ಡು ಸಾಲುವುದಿಲ್ಲ. ಊರಿನ ಭಜನಾ ಮಂದಿರ, ಹತ್ತಿರದ ಮಸೀದಿ, ಇಗರ್ಜಿಯ ಹಬ್ಬ, ಇವೇ ನಮಗೆ ಸರಿ. ಕೇಟರಿಂಗ್‌ನವರ ಹತ್ತಿರ ನೇರ ಹೋಗಿ. ಒಂದು ತಟ್ಟೆಯಲ್ಲಿ ಬಿಸಿ ಸಾಂಬಾರು ಹಾಕಿ ಅರ್ಧ ಗಂಟೆ ಬಿಡಲು ಹೇಳಿ, ಅಷ್ಟು ಸಾಕು.

ಪರದೇಶಕ್ಕೆ ಕಳಿಸುವ ಕನಸು ಸದ್ಯಕ್ಕೆ ಬದಿಗಿಡಿ. ಅಡಿಕೆಯಲ್ಲಿರುವ ಅರೆಕೋಲಿನ್‌ನಂಥ ಅಂಶ ತಟ್ಟೆಯಿಂದ ಆಹಾರಕ್ಕೆ ಇಳಿಯಬಹುದು ಎಂದು 2025ರಲ್ಲಿ ಅಮೆರಿಕದ ಆಹಾರ ನಿಯಂತ್ರಣ ಸಂಸ್ಥೆ ಎಫ್‌ಡಿಎ ತಕರಾರು ತೆಗೆಯಿತು. ಅಲ್ಲಿಗೇ ಲೋಡು ಕಳಿಸುತ್ತಿದ್ದವರಿಗೆ ದೊಡ್ಡ ಪೆಟ್ಟು. ನಮ್ಮ ದೇಶದಲ್ಲಿ ಇಂಥ ತಟ್ಟೆಗಳಿಗೆ ಸರಕಾರದ ಮಾನಕ ಸಂಸ್ಥೆ ಬಿಐಎಸ್‌ನ ಮಾನದಂಡ ಇದೆ: ಐಎಸ್ 18267, 2023ರಲ್ಲಿ ಬಂದದ್ದು. ದೊಡ್ಡ ಹೋಟೆಲಿನವರು ಕೇಳಿದರೆ ಅದರ ಪ್ರಕಾರ ಪರೀಕ್ಷೆ ಮಾಡಿಸಿ ಇಟ್ಟುಕೊಳ್ಳಿ. ಕಾಸರಗೋಡು ಎಂದ ಕೂಡಲೇ ಹೊರಗಿನವರಿಗೆ ಎಂಡೋಸಲ್ಫಾನ್ ನೆನಪಾಗುತ್ತದೆ. ಕಾಗದ ಕೈಯಲ್ಲಿದ್ದರೆ ಮಾತು ಉದ್ದವಾಗುವುದಿಲ್ಲ.

ಹಂತ 6: ಚೂರಿನಲ್ಲಿ ಅಣಬೆ

ಒಂದು ಹಾಳೆಯಲ್ಲಿ ತಟ್ಟೆ, ಬಟ್ಟಲು ತೆಗೆದ ಮೇಲೂ ಅರ್ಧದಷ್ಟು ಚೂರಾಗಿ ಉಳಿಯುತ್ತದೆ. ಚಿಪ್ಪಿ ಅಣಬೆಗೆ ಎಲ್ಲರೂ ಬೈಹುಲ್ಲು ಬಳಸುತ್ತಾರೆ. ಆದರೆ ಗದ್ದೆಯೆಲ್ಲ ತೋಟವಾದ ನಮ್ಮೂರಲ್ಲಿ ಬೈಹುಲ್ಲಿಗೆ ಚಿನ್ನದ ಬೆಲೆ. ಕೂಡ್ಲಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಅಡಿಕೆ ಹಾಳೆ, ಅಡಿಕೆ ಗೊನೆಯ ಕಸ, ತೆಂಗಿನ ಮಡಲಿನ ದಂಡು ಇವುಗಳಲ್ಲೇ ಚಿಪ್ಪಿ ಅಣಬೆ ಬೆಳೆಸಿ ತೋರಿಸಿದೆ. ಅದೇ ಸಂಸ್ಥೆಯ ಕೃಷಿ ವಿಜ್ಞಾನ ಕೇಂದ್ರದವರ ತರಬೇತಿಗೆ ಹೋಗಿ ಬನ್ನಿ. 1916ರಲ್ಲಿ ತೆಂಗಿನ ಸಂಶೋಧನೆಗೆಂದು ಶುರುವಾದ ಜಾಗ ಅದು. ನಮ್ಮ ಮನೆಯ ಪಕ್ಕದಲ್ಲೇ ಇದೆ, ಆದರೂ ಒಳಗೆ ಹೋದವರು ಕಡಿಮೆ.

ಕ್ರಮ ಹೀಗೆ. ಚೂರನ್ನು ಮೇವು ಕತ್ತರಿಸುವ ಮೆಷಿನಿಗೆ ಕೊಟ್ಟು ಎರಡು ಇಂಚಿನ ತುಂಡು ಮಾಡಿ. ರಾತ್ರಿಯಿಡೀ ನೀರಲ್ಲಿ ನೆನೆಯಲಿ. ಹಾಳೆ ಬೈಹುಲ್ಲಿಗಿಂತ ಗಟ್ಟಿ, 18 ಗಂಟೆ ಬಿಟ್ಟರೂ ತಪ್ಪಿಲ್ಲ. ಬೆಳಿಗ್ಗೆ ಹಂಡೆಯಲ್ಲಿ ಮುಕ್ಕಾಲು ಗಂಟೆ ಕುದಿಸಿ, ಬುಟ್ಟಿಗೆ ಬಸಿದು, ಶುದ್ಧವಾದ ಚಾಪೆಯ ಮೇಲೆ ನೆರಳಲ್ಲಿ ಹರಡಿ ತಣಿಸಿ. ಒಂದು ಹಿಡಿ ತೆಗೆದು ಬಲವಾಗಿ ಹಿಂಡಿ. ಅಂಗೈ ಒದ್ದೆಯಾಗಬೇಕು, ಆದರೆ ಬೆರಳ ಸಂದಿಯಿಂದ ಹನಿ ಬೀಳಬಾರದು. ಮೊದಲ ಸಲ ಕಾಲುಭಾಗ ಬೈಹುಲ್ಲು ಸೇರಿಸಿದರೆ ಧೈರ್ಯ.

ಕೈಯನ್ನು ಸೋಪಿನಲ್ಲಿ ತೊಳೆದು, ಫ್ಯಾನ್ ಆರಿಸಿ, ಬಾಗಿಲು ಹಾಕಿಕೊಂಡು ಚೀಲ ತುಂಬಿ. ಒಂದು ಅಡಿ ಅಗಲ, ಎರಡು ಅಡಿ ಉದ್ದದ ಪಾಲಿಪ್ರೊಪಿಲೀನ್ ಚೀಲ. ನಾಲ್ಕು ಬೆರಳು ದಪ್ಪ ಚೂರು, ಅದರ ಅಂಚಿಗೆ ಸುತ್ತಲೂ ಅಣಬೆ ಬೀಜ, ಮತ್ತೆ ಚೂರು, ಮತ್ತೆ ಬೀಜ. ಒಂದು ಕೆಜಿ ಒಣ ಚೂರಿಗೆ 120 ಗ್ರಾಂ ಬೀಜ ನಾನು ಹಾಕುತ್ತೇನೆ. ಬಾಯಿ ಬಿಗಿದು, ಸ್ಪಿರಿಟಿನಲ್ಲಿ ಒರೆಸಿದ ಸೂಜಿಯಿಂದ 12 ತೂತು ಮಾಡಿ, ಕತ್ತಲೆ ಕೋಣೆಯಲ್ಲಿ ತೂಗುಹಾಕಿ.

ಮೂರು ವಾರದೊಳಗೆ ಚೀಲ ಪೂರ್ತಿ ಬೆಳ್ಳಗಾಗುತ್ತದೆ. ಆಗ ಬ್ಲೇಡಿನಿಂದ ನಾಲ್ಕೈದು ಕಡೆ ಸೀಳಿ, ಬೆಳಕು, ಗಾಳಿ ಬರುವಲ್ಲಿಗೆ ಬದಲಿಸಿ, ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸಿ. ಸಾಸಿವೆ ಕಾಳಿನಂಥ ಮೊಗ್ಗು ಬಂದ ಮೂರನೇ ದಿನಕ್ಕೆ ಕೊಯ್ಲು. ಟೊಪ್ಪಿಯ ಅಂಚು ಇನ್ನೂ ಒಳಕ್ಕೆ ಮಡಚಿರುವಾಗಲೇ ತಿರುವಿ ಕೀಳಬೇಕು, ಹೊರಕ್ಕೆ ಬಿಚ್ಚಿಕೊಂಡರೆ ನಾರು. ಹತ್ತು ದಿನಕ್ಕೊಮ್ಮೆಯಂತೆ ಮೂರು ಸಲ ಸಿಗುತ್ತದೆ. ನನಗೆ ಚೀಲಕ್ಕೆ ಒಟ್ಟು 550 ಗ್ರಾಂ ಆಸುಪಾಸು ಬರುತ್ತದೆ. ಬೈಹುಲ್ಲಿನಲ್ಲಿ ಇದಕ್ಕಿಂತ ಸ್ವಲ್ಪ ಜಾಸ್ತಿ ಬರುತ್ತಿತ್ತು, ಒಪ್ಪುತ್ತೇನೆ.

ಚೀಲದಲ್ಲಿ ಹಸಿರು ಬಣ್ಣ ಕಂಡರೆ ಅದು ಬೇರೆ ಬೂಸಲು. ಬಿಚ್ಚಿ ನೋಡುವ ಕುತೂಹಲ ಬೇಡ, ಹಾಗೇ ಹೊರಗೆ ಒಯ್ಯಿರಿ. ಒಂದೇ ಚೀಲವನ್ನು ಕೋಣೆಯೊಳಗೆ ಬಿಚ್ಚಿ ನಾನು ಇಡೀ ಬ್ಯಾಚು ಕಳೆದುಕೊಂಡಿದ್ದೇನೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿ 30 ಡಿಗ್ರಿ ದಾಟುತ್ತದೆ, ಆಗ ಅಣಬೆ ನಿಲ್ಲಿಸುವುದೇ ಒಳ್ಳೆಯದು. ಮಳೆಗಾಲಕ್ಕೆ ಒಣ ಚೂರನ್ನು ಗೋಣಿಯಲ್ಲಿ ತುಂಬಿ ಅಟ್ಟಕ್ಕೆ ಹಾಕಿ. ಹೇಗೂ ಕುದಿಸುತ್ತೇವಲ್ಲ, ಹೊಗೆ ವಾಸನೆ ಇಲ್ಲಿ ಅಡ್ಡಿಯಿಲ್ಲ. ತಟ್ಟೆ ನಿಂತ ತಿಂಗಳಲ್ಲಿ ಅಣಬೆ ನಡೆಯುತ್ತದೆ, ಅಣಬೆ ನಿಂತ ತಿಂಗಳಲ್ಲಿ ತಟ್ಟೆ.

ಮಾರುವಾಗ 200 ಗ್ರಾಮಿನ ತೂತಿರುವ ಕವರು. ಫ್ರಿಜ್ಜಿಲ್ಲದೆ ಒಂದು ದಿನ, ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ. ಬೆಳಿಗ್ಗೆ ಕೊಯ್ದದ್ದು ಹನ್ನೊಂದರೊಳಗೆ ಅಂಗಡಿ ಸೇರಬೇಕು. ಕವರಿನ ಮೇಲೆ ಕನ್ನಡದಲ್ಲಿ ಅಣಬೆ, ಮಲಯಾಳದಲ್ಲಿ ಕೂಣ್ ಎರಡೂ ಬರೆಸಿ. ಕುಂಬಳೆಯಿಂದ ಕೆಳಗೆ ಹೋದರೆ ಎರಡನೆಯದೇ ಮಾರುತ್ತದೆ.

ಹಂತ 7: ಎರೆಗೊಬ್ಬರ

ಅಣಬೆ ಮುಗಿದ ಚೀಲ, ಬೂಸಲು ಬಂದ ಹಾಳೆ, ಒಣ ತೆಂಗಿನ ಮಡಲು, ಎಲ್ಲ ಕೊನೆಗೆ ಬರುವುದು ಇಲ್ಲಿಗೆ. ಅಣಬೆ ಒಂದು ಸಲ ತಿಂದ ಚೂರು ಮೆತ್ತಗಾಗಿರುತ್ತದೆ, ಹುಳಕ್ಕೆ ಕೆಲಸ ಸುಲಭ.

ಒಂದು ಮೀಟರ್ ಅಗಲ, ಮೂರು ಮೀಟರ್ ಉದ್ದದ ತೊಟ್ಟಿ, ಮೇಲೆ ಮಡಲಿನ ಮಾಡು. ಒಂದು ಟನ್ ಕಸಕ್ಕೆ 100 ಕೆಜಿ ಸೆಗಣಿಯನ್ನು ನೀರಿನಲ್ಲಿ ಕರಡಿ ಎರೆದು, ಎರಡು ಮೂರು ವಾರ ಹಾಗೇ ಬಿಡಿ. ಒಳಗೆ ಮೊದಲು ಬಿಸಿ ಏಳುತ್ತದೆ. ಕೈ ಹಾಕಿದರೆ ತಣ್ಣಗಿದೆ ಎಂದಾದ ಮೇಲಷ್ಟೇ ಹುಳ ಬಿಡಬೇಕು, ಟನ್ನಿಗೆ ಒಂದು ಕೆಜಿ, ಅಂದರೆ ಸುಮಾರು ಸಾವಿರ ಹುಳ. ತೆಂಗಿನ ಗರಿಯಂಥ ಗಟ್ಟಿ ಕಸವನ್ನೂ ತಿನ್ನುವ ಯೂಡ್ರಿಲಸ್ ಜಾತಿಯ ಹುಳವನ್ನು ಸಿಪಿಸಿಆರ್‌ಐಯೇ ಗುರುತಿಸಿ ಬೆಳೆಸಿದೆ. ಹುಳವನ್ನು ಅಲ್ಲಿಂದಲೇ ತನ್ನಿ.

ತೇವ ಆರದಂತೆ ನೀರು ಚಿಮುಕಿಸುತ್ತಾ ಇದ್ದರೆ ಎರಡೂವರೆ ಮೂರು ತಿಂಗಳಲ್ಲಿ ಚಹಾಹುಡಿಯಂಥ ಗೊಬ್ಬರ. ಟನ್ನಿಗೆ 700 ಕೆಜಿಯಷ್ಟು ಸಿಗುತ್ತದೆ. ತೊಟ್ಟಿಯ ಸುತ್ತ ನೀರಿನ ಕಣಿ ಇದ್ದರೆ ಇರುವೆ ಬಾರದು. ಕಾಡುಹಂದಿಗೆ ಮಾತ್ರ ಕಣಿ ಸಾಲದು. ಒಂದು ರಾತ್ರಿ ಬಂದು ಹುಳದ ಆಸೆಗೆ ಇಡೀ ತೊಟ್ಟಿ ಉತ್ತು ಹೋಗಿತ್ತು. ಈಗ ಕಬ್ಬಿಣದ ಬಲೆಯ ಮುಚ್ಚಳ ಇದೆ.

ಮಾರುವುದಾದರೆ ರಸಗೊಬ್ಬರ ನಿಯಂತ್ರಣ ಆದೇಶದ ಲೆಕ್ಕ ನೋಡಬೇಕು. ಎರೆಗೊಬ್ಬರದಲ್ಲಿ ಸಾರಜನಕ ಕನಿಷ್ಠ ಶೇ. 1, ರಂಜಕ ಮತ್ತು ಪೊಟ್ಯಾಶ್ ತಲಾ ಶೇ. 0.8 ಇರಬೇಕು. ಮಡಲಿನ ಗೊಬ್ಬರದಲ್ಲಿ ಸಾರಜನಕ ಚೆನ್ನಾಗಿರುತ್ತದೆ, ಉಳಿದೆರಡು ಕಡಿಮೆ. ಬಾಳೆದಿಂಡು, ಒಲೆಯ ಬೂದಿ ಸೇರಿಸಿದರೆ ಪೊಟ್ಯಾಶ್ ಏರುತ್ತದೆ, ಆದರೂ ಪರೀಕ್ಷೆ ಮಾಡಿಸದೆ ಚೀಲಕ್ಕೆ ಹೆಸರು ಹಾಕಬೇಡಿ. ನಾನು ಮಾರುವುದು ಕಡಿಮೆ. ಹಾಳೆ ಕೊಡುವ ಮನೆಗಳಿಗೆ ಓಣಂ ಹೊತ್ತಿಗೆ ಎರಡೆರಡು ಚೀಲ ಕೊಡುತ್ತೇನೆ. ಅಡಿಕೆ ಮರ ಒಂದಕ್ಕೆ ವರ್ಷಕ್ಕೆ 140 ಗ್ರಾಂ ಪೊಟ್ಯಾಶ್ ಬೇಕು, ಇದೊಂದರಿಂದಲೇ ಅಷ್ಟು ಸಿಗುವುದಿಲ್ಲ ಎಂದೂ ಹೇಳಿಯೇ ಕೊಡುತ್ತೇನೆ.

ಕಾಗದಪತ್ರ

ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಆನ್‌ಲೈನಿನಲ್ಲಿ, ಆಧಾರ್ ಮತ್ತು ಪ್ಯಾನ್ ಇದ್ದರೆ ಸಾಕು, ದುಡ್ಡಿಲ್ಲ. ದುಡ್ಡು ಕೇಳಿದವನು ದಳ್ಳಾಳಿ. ಕೇರಳದಲ್ಲಿ ಸಣ್ಣ ಘಟಕಗಳಿಗೆ ಸರಕಾರದ ಆನ್‌ಲೈನ್ ವ್ಯವಸ್ಥೆ ಕೆ-ಸ್ವಿಫ್ಟ್ ಮೂಲಕ ಅರ್ಜಿ ಹಾಕಿದರೆ ಸಿಗುವ ಸ್ವೀಕೃತಿ ಪತ್ರದ ಬಲದಲ್ಲೇ ಕೆಲಸ ಶುರು ಮಾಡಬಹುದು, ಉಳಿದ ಪರವಾನಗಿಗಳಿಗೆ ಮೂರು ವರ್ಷ ಸಮಯ ಇರುತ್ತದೆ. ಅಣಬೆಗೆ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ.

ಸಾಲಕ್ಕೆ ಕೇಂದ್ರ ಸರಕಾರದ ಪಿಎಂಇಜಿಪಿ ಯೋಜನೆ ಇದೆ. ಹಳ್ಳಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 25, ಮಹಿಳೆಯರು ಮತ್ತು ಮೀಸಲು ವರ್ಗದವರಿಗೆ ಶೇ. 35 ಸಬ್ಸಿಡಿ. ಹೆಂಡತಿಯ ಹೆಸರಲ್ಲಿ ಹಾಕಿಸಿ ತಾವೇ ಯಜಮಾನರಾಗುವ ಗಂಡಂದಿರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಚೆಕ್ಕಿಗೆ ಸಹಿ ಅವಳದ್ದೇ ಇರಲಿ. ಒಂದು ವರ್ಷ ಸಾಲವಿಲ್ಲದೆ, ಹಳೆಯ ಮೆಷಿನಿನಲ್ಲಿ ನಡೆಸಿ ನೋಡಿದ ಮೇಲೆ ಬ್ಯಾಂಕಿಗೆ ಹೋಗಿ. ಆಗ ಮ್ಯಾನೇಜರಿಗೆ ತೋರಿಸಲು ಲೆಕ್ಕದ ಪುಸ್ತಕ ಇರುತ್ತದೆ. ಫಾರ್ಮು ಮಲಯಾಳದಲ್ಲಿ ಮಾತ್ರ ಇದ್ದರೆ ಕನ್ನಡದ್ದು ಕೇಳಿ. ಭಾಷಾ ಅಲ್ಪಸಂಖ್ಯಾತರಾಗಿ ಅದು ನಮ್ಮ ಹಕ್ಕು. ಕೇಳದಿದ್ದರೆ ಯಾರೂ ಕೊಡುವುದಿಲ್ಲ.

ಅಡಿಕೆ ಇಲ್ಲದವರು

ತೆಂಗು ಮಾತ್ರ ಇದ್ದರೆ ಆರನೇ, ಏಳನೇ ಹಂತ ಹಾಗೇ ಹಿಡಿಯಬಹುದು, ಹಾಳೆಯ ಬದಲು ಮಡಲಿನ ದಂಡು. ಗೆರಟೆಗೆ (ತೆಂಗಿನ ಚಿಪ್ಪಿಗೆ) ಇದ್ದಿಲು ಮಾಡುವವರು ಮನೆಗೇ ಬರುತ್ತಾರೆ, ಮಾರಿಬಿಡಿ. ಗೇರುಹಣ್ಣಿನ ಬಗ್ಗೆ ಹಲವರು ಕೇಳುತ್ತಾರೆ. ಬೀಜದ ಆರೇಳು ಪಟ್ಟು ತೂಕದ ಹಣ್ಣು ಗುಡ್ಡೆಯಲ್ಲಿ ಕೊಳೆಯುವುದನ್ನು ನೋಡಿದರೆ ಹೊಟ್ಟೆ ಉರಿಯುವುದು ಸಹಜ. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದಲ್ಲಿ ಒಗರು ತೆಗೆಯುವ ಕ್ರಮ, ಜ್ಯೂಸು, ಜಾಮು ಎಲ್ಲ ಹೇಳಿಕೊಡುತ್ತಾರೆ. ಆದರೆ ಬಿದ್ದ ಹಣ್ಣು ಒಂದು ದಿನ ತಡೆಯುವುದಿಲ್ಲ, ಸುಗ್ಗಿ ಎರಡು ಮೂರು ತಿಂಗಳು. ಹಾಳೆ ಕೂಡಿಸಿ ಕೈ ಪಳಗಿದ ಮೇಲೆ ಬೇಕಾದರೆ ಅದಕ್ಕೆ ಕೈ ಹಾಕಿ, ಮೊದಲೇ ಬೇಡ.

ಶುರು ಮಾಡುವವರಿಗೆ ತಿಂಗಳ ಲೆಕ್ಕ ಒಂದು ಹೇಳಿಬಿಡುತ್ತೇನೆ. ಎಣಿಕೆ ಮುಗಿಸಿದ ವರ್ಷದ ಅಕ್ಟೋಬರಿನಲ್ಲಿ 25 ಮನೆಗೆ ಹೋಗಿ ಮಾತಾಡಿ ಬನ್ನಿ. ನವೆಂಬರಿನಲ್ಲಿ ಮಂಚ, ಬೇಲಿ ಕಟ್ಟಿ. ಡಿಸೆಂಬರಿನ ಮೊದಲ ಶನಿವಾರ ಚಿಲ್ಲರೆ ತುಂಬಿದ ಚೀಲ ಹಿಡಿದು ಹಾಳೆ ಎಣಿಸಲು ಹೋಗಿ. ಮೆಷಿನ್ ಜನವರಿಗೆ ಬಂದರೆ ಸಾಕು.